ಕಾಕಾನ ಸೇವೆಗೆ ನನಗೊಂದು ಶಾಲು

ಇದನ್ನು ಓದಿ ‘ಸುಳ್ಳು’ ಅನ್ನುವ ಎದೆಗಾರಿಕೆ ಇದ್ದವರು ಪುಣೆಯ ಬಿಬವೇವಾಡಿಗೆ ಬರ್ರಿ. ತಳಮನೆ, ಎಡಗಡೆ ಬಾಗಿಲು. ಸಾಕ್ಷಿಗೆ ಒಂದು ಶಾಲು ಅದ. ಅದೂ ಸಾಲದಿದ್ದರೆ ನಮ್ಮ ಕಾಕಾ ಅದಾರ. ಅವರು ಬಾಯಿ ತೆಗೆದರೆ ನೀವೇ ‘ಸಾಕ್ರಿ, ನಂಬಿದಿವಿ’ ಅಂತೀರಿ. ಹಾಸಿಗೆ ಹಿಡಿದವರ ಮನೆಯಲ್ಲಿ ಇಂಥ ತಮಾಷೆ ದಿನಾ ನಡೆಯುತ್ತಲೇ ಇರುತ್ತವೆ. ಹೊರಗೆ ಹೇಳಲು ಮಾತ್ರ ನನ್ನಂಥ ಗಂಡು ಬೇಕು.

ನಾನು ಗೋಕಾಕ ಕಡೆಯ ಹಳ್ಳಿಯವ. ಊರಲ್ಲಿ ಸಂಗ್ರಾಣಿ ಕಲ್ಲು ಎತ್ತಿ ಬೆಳ್ಳಿ ಕಡಗ ಗೆದ್ದ ಮೈ ಇದು. ಹಡಪಸರದ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಾಗ ಪುಣೆಯ ಕಾಕಾನ ಮನೆಗೆ ಬಂದು ಇಳಿದೆ. ಕಾಕಾ ಅಂದರೆ ಅಪ್ಪನ ತಮ್ಮ. ಮಾರ್ಕೆಟ್ ಯಾರ್ಡಿನ ಬೆಲ್ಲದ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ಬರುವುದಕ್ಕೂ ಮುಂಚೆಯೇ ಲಕ್ವಾ ಹೊಡೆದು ಎಡಗೈ, ಎಡಗಾಲು ಬಂದಾಗಿದ್ದವು. ಅವೆರಡರ ಡ್ಯೂಟಿಯನ್ನೂ ನಾಲಿಗೆ ವಹಿಸಿಕೊಂಡಿತ್ತು. ಮಕ್ಕಳಿಲ್ಲ. ನೋಡಿಕೊಳ್ಳುವವಳು ಅವರ ಹೆಂಡತಿ, ನಮ್ಮ ಕಾಕು ಒಬ್ಬಳೇ.

ಹೊರಡುವ ಗಡಿಬಿಡಿ

ಮೊಬೈಲು ಇನ್ನೂ ನಮ್ಮಂಥವರ ಕೈಗೆ ಬರದ ಕಾಲ. ಒಂದು ಶ್ರಾವಣದಲ್ಲಿ ಧಾರವಾಡದಿಂದ ಕಾಕುನ ತಮ್ಮ ಫೋನ್ ಮಾಡಿ ಮಗನ ಮದುವೆಗೆ ಕರೆದ. ಕಾಕಾನಿಗೆ ಲಕ್ವಾ ಹೊಡೆದಂದಿನಿಂದ ಕಾಕು ತವರಿನ ಒಂದು ಮದುವೆಯನ್ನೂ ಕಂಡವಳಲ್ಲ. ಫೋನ್ ಇಟ್ಟು ಅಡಿಗೆಮನೆಗೆ ಹೋದಳು. ಭಾಂಡೆಗಳ ಸಪ್ಪಳ ಜೋರಾಯಿತು.

ಕಾಕಾ ಅಂದರು: “ಹೋಗಬ್ಯಾಡ ಅಂತ ನಾ ಎಲ್ಲೆ ಅಂದೀನಿ? ಚಹಾ ಯಾರು ಮಾಡ್ತಾರ ಅಂತ ಅಷ್ಟ ಕೇಳೀನಿ.”

ನಾನು ಎದೆ ತಟ್ಟಿಕೊಂಡೆ. “ಕಾಕು, ನೀ ಆರಾಮ ಹೋಗು. ಒಂದು ವಾರ ಏನು, ಒಂದು ವರ್ಷ ಬೇಕಾದ್ರೂ ನಾ ನೋಡ್ಕೋತೀನಿ. ನಾ ಅದೀನಲ್ಲ!”

“ನೀ ಇದ್ದೀ ಅಂತನ ಅಂಜಿಕಿ,” ಅಂದಳು ಕಾಕು.

ಕಾರ್ಖಾನೆಯಲ್ಲಿ ರಜೆ ಕೇಳಿದೆ. ಸಾಹೇಬರು ಎದ್ದು ನಿಂತು ನನ್ನ ಬೆನ್ನು ಚಪ್ಪರಿಸಿ, “ಇಂಥ ಹುಡುಗರು ಈಗ ಎಲ್ಲಿದಾರೆ!” ಎಂದು ಅಲ್ಲೇ ಸಹಿ ಹಾಕಿದರು. ನನ್ನ ಹಿಂದೆಯೇ ಪ್ಯಾಕಿಂಗ್ ವಿಭಾಗದ ಒಬ್ಬ ಅಕ್ಕ ತನ್ನ ಅತ್ತೆಗೆ ಹುಷಾರಿಲ್ಲವೆಂದು ರಜೆ ಕೇಳಲು ನಿಂತಿದ್ದಳು. ಸಾಹೇಬರು ಕೂತುಕೊಂಡು ಅಂದರು: “ನಿಮ್ಮದು ಯಾವಾಗಲೂ ಇದ್ದದ್ದೇ.”

ಹೊರಡುವಾಗ ಕಾಕು ಬಾಗಿಲಲ್ಲಿ ನಿಂತು ಹೇಳಿದಳು: “ನೋಡಪಾ, ಏನರ ಹೆಚ್ಚುಕಡಿಮಿ ಆದ್ರ ಫೋನ್ ಮಾಡು. ಅಕ್ಕಿಕಾಳು ಕೈಯಾಗಿದ್ರೂ ಅಲ್ಲೇ ಚೆಲ್ಲಿ ಬಸ್ ಹತ್ತತೀನಿ.” ನಾನು ಮನಸ್ಸಿನಲ್ಲೇ ಕಡಗದ ಆಣೆ ಮಾಡಿದೆ: ಏನೇ ಆದರೂ ನಾನಾಗಿ ಫೋನ್ ಮುಟ್ಟುವುದಿಲ್ಲ. ಕಾಕು ಅಕ್ಷತೆ ಹಾಕಿಯೇ ಬರಬೇಕು.

ಚೀಲ ಹೊತ್ತ ಹಾಗೆ

ಕಾಕಾನನ್ನು ಬಚ್ಚಲಿಗೆ ಒಯ್ಯಲು ಕಾಕುನದೊಂದು ಪದ್ಧತಿ ಇತ್ತು. ಹಳೇ ಸೀರೆಯನ್ನು ಅವರ ಸೊಂಟಕ್ಕೆ ಸುತ್ತಿ, ಹಿಡಿದು ಎಬ್ಬಿಸಿ, ಒಂದೊಂದೇ ಹೆಜ್ಜೆ ಇಡಿಸುತ್ತಿದ್ದಳು. ನನಗೆ ನಗು. ಮೈಯಲ್ಲಿ ಕಸುವಿಲ್ಲದವರು ಸೀರೆ ಸುತ್ತಬೇಕು, ನನಗೇನು? ಬಗ್ಗಿ, ಕಾಕಾನನ್ನು ಜೋಳದ ಚೀಲದ ಹಾಗೆ ಹೆಗಲಿಗೆ ಹಾಕಿದೆ.

“ಲೇ ಮಗನ, ಇಳಸಲೇ! ನಾ ಮನಿಶಾ ಅದೀನಿ!”

ಅಷ್ಟರಲ್ಲಿ ಬಾಗಿಲಿಗೆ ಹಾಲಿನವ ಬಂದ. ನಾನು ಹಾಗೇ ತಿರುಗಿ ನಿಂತೆ. ಈಗ ಹಾಲಿನವನ ಎದುರಿಗೆ ಬಂದದ್ದು ನನ್ನ ಬೆನ್ನು, ಮತ್ತು ಅದರ ಮೇಲೆ ತಲೆಕೆಳಗಾಗಿ ತೂಗುತ್ತಿದ್ದ ಕಾಕಾನ ಮುಖ. ಎಷ್ಟೆಂದರೂ ಹಳೇ ವ್ಯಾಪಾರದ ಮನುಷ್ಯ. ಆ ಸ್ಥಿತಿಯಲ್ಲೂ ಪಾತ್ರೆಯೊಳಗೆ ನೋಡಿ, ಹಾಲು ನೀರಾಗಿದೆ ಎಂದು ಶುದ್ಧ ಮರಾಠಿಯಲ್ಲಿ ಝಾಡಿಸಿದರು: “ದೂಧ ಪಾತಳ ಆಹೆ ರೇ!”

ಹಾಲಿನವ ಹೆದರಿ ಒಂದು ಮಾಪು ಹೆಚ್ಚಿಗೆ ಸುರಿದು ಹೋದ. ನಾನು ನಕ್ಕೆ. ನಗುವಾಗ ಸೊಂಟದಲ್ಲಿ ಚಳಕ್ ಅಂತು.

ಕಾಕಾ ಹೇಗೋ ಹಾಸಿಗೆ ಮೇಲೆ ಬಿದ್ದರು. ನಾನು ಅವರ ಪಕ್ಕದಲ್ಲೇ ಬೋರಲು ಬಿದ್ದೆ. ಏಳಲು ಆಗಲಿಲ್ಲ. ಆಮೇಲೆ ಆದದ್ದನ್ನು ಊರಲ್ಲಿ ಯಾರಿಗೂ ಹೇಳಬ್ಯಾಡ್ರಿ. ಕಾಕಾ ತಮ್ಮ ಬಲಗೈಯಿಂದ ನನ್ನ ಸೊಂಟಕ್ಕೆ ಬಾಮ್ ತಿಕ್ಕಿದರು. ತಿಕ್ಕುತ್ತ ಕೇಳಿದರು: “ಪೈಲವಾನರ, ಈಗ ಯಾರು ಯಾರನ್ನ ನೋಡ್ಕೊಳ್ಳಾಕತ್ತೀವಿ?”

ಮರುದಿನದಿಂದ ಸೀರೆ ಸುತ್ತಿದೆ. ಆದರೆ ಗಂಡಸರ ಪದ್ಧತಿ ಬೇರೆ ಇರಬೇಕಲ್ಲ? ನಾನು ಸುತ್ತಿದ್ದು ಲುಂಗಿ.

ಡಬ್ಬಿಗಳ ಮೆರವಣಿಗೆ

ಹಾಲಿನವ ಸುಮ್ಮನಿರಲಿಲ್ಲ. ಒಬ್ಬನೇ ಹುಡುಗ ಕಾಕಾನನ್ನು ಹೆಗಲ ಮೇಲೆ ಹೊತ್ತು ಸೇವೆ ಮಾಡುತ್ತಿದ್ದಾನೆ ಎಂದು ಕಟ್ಟಡದ ಎಲ್ಲ ಮನೆಗೂ ಹಾಲಿನ ಜೊತೆಗೆ ಅಳೆದು ಹಾಕಿದ್ದ. ಮಧ್ಯಾಹ್ನಕ್ಕೆ ಬಾಗಿಲು ಬಡಿಯಿತು. ಮೇಲಿನ ಮನೆಯ ಆಜಿ. “ಬಿಚಾರಾ ಪೋರಗಾ!” ಎಂದು ಪಾಪದ ಹುಡುಗನ, ಅಂದರೆ ನನ್ನ, ಗಲ್ಲ ಸವರಿ ಒಂದು ಡಬ್ಬಿ ಕೊಟ್ಟರು. ಸಾಬೂದಾಣಿ ಖಿಚಡಿ. ಆಜಿ ಹೋಗುವುದರೊಳಗೆ ಎದುರು ಮನೆಯ ವಹಿನಿ ಥಾಲಿಪೀಠ ತಂದರು. ಶುಕ್ರವಾರ ನಾಲ್ಕು ಮನೆಯಿಂದ ಪುರಣಪೋಳಿ. ಶ್ರಾವಣ ನೋಡ್ರಿ!

ಕಾಕಾ ಡಬ್ಬಿಗಳನ್ನು ನೋಡಿ ಹುಬ್ಬೇರಿಸಿದರು. “ಇದೇನಲೇ ಇದು? ನಿನ್ನ ಕಾಕು ಇದ್ದಾಗ ಇದೇ ಮಂದಿ ಬರತಿದ್ರು. ನನ್ನ ನೋಡಾಕ ಅಂತ ಬಂದು, ಅಕಿ ಕೈಲೆ ಅವಲಕ್ಕಿ ಮಾಡಿಸಿ, ಎರಡೆರಡು ಸಲ ಚಹಾ ಕುಡದು, ‘ಇವರು ಸೊರಗ್ಯಾರ, ಬರಾಬ್ಬರಿ ನೋಡ್ಕೋರಿ’ ಅಂತ ಅಕಿಗೇ ಬುದ್ಧಿ ಹೇಳಿ ಹೋಗತಿದ್ರು.”

“ಕಾಕಾ, ಅದು ನನ್ನ ವ್ಯಕ್ತಿತ್ವ,” ಅಂದೆ.

ನಮ್ಮಲ್ಲಿ ಡಬ್ಬಿಯನ್ನು ಖಾಲಿ ಹಿಂದಿರುಗಿಸುವ ರೂಢಿ ಇಲ್ಲ. ತೊಳೆದು, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ನಾನು ಖಾಲಿ ಕೊಟ್ಟೆ. ತೊಳೆಯದೆ ಕೊಟ್ಟೆ. ಒಂದರ ಮುಚ್ಚಳ ಇನ್ನೊಂದಕ್ಕೆ ಹಾಕಿ ಕೊಟ್ಟೆ. ಕಾಕು ಹೀಗೆ ಮಾಡಿದ್ದರೆ ಸಂಕ್ರಾಂತಿಯ ಅರಿಶಿಣ-ಕುಂಕುಮದವರೆಗೆ ಅದೇ ಮಾತು ನಡೆಯುತ್ತಿತ್ತು. ನನಗೆ ಆಜಿ ಅಂದರು: “ಪಾಪ, ಎಷ್ಟು ಕೆಲಸ ಇರಬೇಕು ಇವನಿಗೆ!” ಮರುದಿನದ ಡಬ್ಬಿ ದೊಡ್ಡದಿತ್ತು.

ಡಾಕ್ಟರರ ಎದುರಿನ ಕುರ್ಚಿ

ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸುವ ರೂಢಿ. ಕಾಕಾನ ಗಾಲಿಕುರ್ಚಿ ತಳ್ಳಿಕೊಂಡು ಒಳಗೆ ಹೋಗಿ, ನಾನು ಎದುರಿನ ಕುರ್ಚಿಯಲ್ಲಿ ಕಾಲು ಚಾಚಿ ಕೂತೆ. ಡಾಕ್ಟರು ಕಾಕಾನ ಬಿ.ಪಿ. ನೋಡಿದರು. ಆಮೇಲೆ ಕನ್ನಡಕ ಏರಿಸಿ ನನ್ನನ್ನು ನೋಡಿದರು.

“ಬಹಳ ದಣಿದ ಹಾಗೆ ಕಾಣುತ್ತೀರಿ. ಹೀಗೆ ಸೇವೆ ಮಾಡುವವರ ಆರೋಗ್ಯ ಮೊದಲು. ನಿದ್ದೆ ಆಗುತ್ತಿದೆಯೇ?” ಎಂದು ನನಗೊಂದು ಟಾನಿಕ್ ಬರೆದರು.

ಕಾಕಾ ಕೆಮ್ಮಿದರು. “ಡಾಕ್ಟರ್, ಇವ ನನ್ನ ನೋಡ್ಕೊಳ್ಳಾಕ ಹತ್ತಿ ನಾಕು ದಿನ ಆಗಿಲ್ಲ. ನಮ್ಮ ಮನಿಯಾಕಿ ಇಷ್ಟು ವರ್ಷದಿಂದ ನನ್ನ ಕರಕೊಂಡು ಬರತಾಳ. ಅಕಿಗೆ ಒಂದು ಗುಳಿಗಿನೂ ಬರದಿಲ್ಲಲ್ರಿ?”

ಡಾಕ್ಟರು ತಲೆ ಕೆರೆದುಕೊಂಡರು. “ಅವರು ದಣಿದ ಹಾಗೆ ನನಗೆ ಯಾವತ್ತೂ ಕಾಣಲೇ ಇಲ್ಲ.”

“ಹ್ಯಾಂಗ ಕಾಣಬೇಕ್ರಿ? ಅಕಿ ನನ್ನ ಗಾಲಿಕುರ್ಚಿ ಹಿಂದ ನಿಂತಿರ್ತಾಳ. ಈ ಕುರ್ಚಿ ಮ್ಯಾಲ ನನ್ನ ಔಷಧದ ಚೀಲ ಕೂತಿರ್ತದ.”

ಡಾಕ್ಟರು ಮತ್ತೊಂದು ಚೀಟಿ ತೆಗೆದು ಅದೇ ಟಾನಿಕ್ಕನ್ನು ಕಾಕುನ ಹೆಸರಿಗೂ ಬರೆದರು. ದಾರಿಯಲ್ಲಿ ಕಾಕಾ ಒಂದು ಮಾತೂ ಆಡಲಿಲ್ಲ. ನನಗೆ ಗಾಬರಿಯಾಯಿತು, ನಾಲಿಗೆಗೂ ಲಕ್ವಾ ಹೊಡೆಯಿತೇನೋ ಅಂದುಕೊಂಡೆ.

ಮದುವೆಯ ದಿನದ ಫೋನ್

ಧಾರವಾಡದಲ್ಲಿ ಮದುವೆ. ಇಲ್ಲಿ ಕಾಕಾನ ಹೊಟ್ಟೆಯಲ್ಲಿ ನಾಲ್ಕು ಮನೆಯ ಪುರಣಪೋಳಿ. ಮುಂಜಾನೆಯಿಂದ ಒಂದೇ ವರಾತ: “ಫೋನ್ ಹಚ್ಚು. ಅಕಿನ್ನ ಬಾ ಅನ್ನು. ನಾ ಉಳಿಯಂಗಿಲ್ಲ.”

“ಪೋಳಿ ತಿಂದು ಯಾರೂ ಸತ್ತಿಲ್ಲ ಕಾಕಾ.”

“ನಾನ ಮೊದಲನೆಯವ ಆಗ್ತೀನಿ!”

ಓಮಿನ ನೀರು ಕುಡಿಸಿದೆ. ಹೊಟ್ಟೆ ತಿಕ್ಕಿದೆ. ಕಾಕಾನ ಕೂಗು ಇಳಿಯಲಿಲ್ಲ. ಕೊನೆಗೆ ಫೋನಿಗೆ ಅಡ್ಡಲಾಗಿ ನಿಂತು ಅಂದೆ: “ಕಾಕಾ, ಇವತ್ತ ಕರದ್ರ ಕಾಕು ಇನ್ನ ಈ ಜನ್ಮದಾಗ ಹೊಸ್ತಲಾ ದಾಟಂಗಿಲ್ಲ. ನೀವ ವಿಚಾರ ಮಾಡ್ರಿ.”

ಕಾಕಾ ಫ್ಯಾನು ನೋಡುತ್ತ ಮಲಗಿದರು. ಅಷ್ಟರಲ್ಲಿ ಫೋನ್ ತಾನೇ ಹೊಡೆದುಕೊಂಡಿತು. ಎತ್ತಿದರೆ ಹಿಂದೆ ಬ್ಯಾಂಡಿನ ಸಪ್ಪಳ, ಮುಂದೆ ಕಾಕು: “ಹ್ಯಾಂಗ ಅದಾರ ಅವರು? ಖರೇ ಹೇಳು. ಬರಲೇನು?”

ನಾನು ಬಾಯಿ ತೆರೆಯುವುದರೊಳಗೆ ಕಾಕಾ ಬಲಗೈ ಚಾಚಿ ರಿಸೀವರ್ ಕಸಿದುಕೊಂಡರು. ಉಸಿರು ಬಿಗಿಹಿಡಿದು, ಜೀವಮಾನದಲ್ಲಿ ಹೆಂಡತಿಗೆ ಆಡದಂಥ ಒಳ್ಳೆಯ ಮಾತು ಆಡಲು ಹೊರಟರು: “ಇಲ್ಲೆ ಎಲ್ಲಾ ಛಲೋ ಅದ. ನೀ ಭಾಳ ಕಾಳಜಿ ಮಾಡಬ್ಯಾಡ. ಖರೇ ಅಂದ್ರ, ನೀ ಮನ್ಯಾಗ ಇಲ್ಲ ಅನ್ನೋದ ಗೊತ್ತಾಗವಲ್ದು!”

 ಬ್ಯಾಂಡಿನ ಸಪ್ಪಳದ ನಡುವೆ ಕಾಕುನ ಧ್ವನಿ: “ಹಂಗಾದ್ರ ಇನ್ನ ನಾಕು ದಿನ ಇದ್ದ ಬರ್ತೀನಿ.” ಫೋನ್ ಕಟ್.

ಕಾಕಾನ ಮುಖ ನೋಡಬೇಕಿತ್ತು. ರಿಸೀವರ್ ಕೈಯಲ್ಲೇ ಇತ್ತು. ಹೊಟ್ಟೆನೋವು ಮಾತ್ರ ಅಲ್ಲೇ ನಿಂತುಹೋಯಿತು.

ಸತ್ಕಾರ

ಕಾಕು ಬಂದಳು. ಮುಖ ತುಂಬಿತ್ತು, ಕೈ ತುಂಬ ಹಸಿರು ಬಳೆ. ಮಾರನೇ ದಿನ ಗಣಪತಿ. ನಮ್ಮ ಸೊಸೈಟಿಯ ಮಂಡಳದವರು ಮಂಟಪದಲ್ಲಿ ನನಗೆ ಶಾಲು, ಕಾಯಿ ಕೊಟ್ಟು ಸತ್ಕಾರ ಮಾಡುವುದೆಂದು ಠರಾಯಿಸಿದ್ದರು. ಪುಣೆಯಲ್ಲಿ ಮನುಷ್ಯ ಏನಾದರೂ ಮಾಡಿದರೆ ಶಾಲು ತಪ್ಪುವುದಿಲ್ಲ.

ಅಧ್ಯಕ್ಷರು ಮೈಕು ಹಿಡಿದು ಇಂದಿನ ತರುಣರು ಹೀಗಿರಬೇಕು ಅಂದರು. ಚಪ್ಪಾಳೆ. ನಾನೂ ಮೈಕು ಹಿಡಿದೆ, ಬಿಡಲಿಲ್ಲ. “ಇದು ನನಗೆ ಕಷ್ಟವೇ ಅಲ್ಲ. ಎಡಗೈ ಆಟ. ಸೇವೆಯಲ್ಲಿ ಸಿಗುವ ಸಮಾಧಾನ ಎಲ್ಲೂ ಸಿಗುವುದಿಲ್ಲ!” ಎಂದು ಗುಡುಗಿದೆ. ಜೋರು ಚಪ್ಪಾಳೆ. ಮೇಲಿನ ಮನೆಯ ಆಜಿ ಕಣ್ಣು ಒರೆಸಿಕೊಂಡರು.

ಮುಂದಿನ ಸಾಲಿನಿಂದ ಕಾಕಾ ಬಲಗೈ ಎತ್ತಿದರು. ಮೈಕನ್ನು ಅವರ ಹತ್ತಿರ ಒಯ್ದರು. ಎಲ್ಲರಿಗೂ ತಿಳಿಯಲೆಂದು ಕಾಕಾ ಮರಾಠಿಯಲ್ಲಿ ಮಾತಾಡಿದರು. ಅದರ ಅರ್ಥ ಇಷ್ಟು: “ನಾನು ಜನ್ಮವೆಲ್ಲ ಲೆಕ್ಕ ಬರೆದವ. ಒಂದು ವಾರ ಚಿಲ್ಲರೆಗೆ ಇವನಿಗೆ ಒಂದು ಶಾಲು. ಇದೇ ದರ ಹಿಡಿದರೆ ನನ್ನ ಹೆಂಡತಿಗೆ ಕೊಡುವ ಶಾಲು ಇಡಲು ಗೋದಾಮು ಬೇಕು. ಮಂಡಳದ ಹತ್ತಿರ ಗೋದಾಮು ಇದೆಯೇ?”

ಮಂಟಪದಲ್ಲಿ ನಗುವೋ ನಗು. ಅಧ್ಯಕ್ಷರು ಬೆವರಿದರು. ತಂದದ್ದು ಒಂದೇ ಶಾಲು. ಕಾಕುನನ್ನು ವೇದಿಕೆಗೆ ಕರೆದು, ನನ್ನ ಹೆಗಲ ಮೇಲಿನದನ್ನೇ ಮೆಲ್ಲಗೆ ಎಳೆಯತೊಡಗಿದರು. ನಾನು ಒಂದು ತುದಿ ಗಟ್ಟಿಯಾಗಿ ಹಿಡಿದಿದ್ದೆ.

“ಇರಲಿ ಬಿಡ್ರಿ, ಈ ಸೆಕಿಯಾಗ ಶಾಲು ಯಾರು ಹೊತ್ಕೋತಾರ?” ಅಂದಳು ಕಾಕು. ಆಮೇಲೆ ಅವಳೂ ಮರಾಠಿಗೆ ತಿರುಗಿ, ಅದೇ ಮೈಕಿನಲ್ಲಿ, ಎಲ್ಲರೂ ಕೇಳುವ ಹಾಗೆ ಕೇಳಿದಳು: “ಇವನಿಗೆ ಇದು ಎಡಗೈ ಆಟ. ಇವನೇ ಹೇಳಿದ. ಸಮಾಧಾನವೂ ಸಿಗುತ್ತದಂತೆ, ಅದನ್ನೂ ಇವನೇ ಹೇಳಿದ. ನೀವೆಲ್ಲ ಚಪ್ಪಾಳೆ ಹೊಡೆದಿರಿ. ಹಾಗಾದರೆ ಇನ್ನು ಮೇಲೆ ಪ್ರತಿ ರವಿವಾರ ಇವನೇ ನೋಡಿಕೊಳ್ಳಲಿ. ನನಗೆ ರವಿವಾರ ಸಾಕು. ಹೌದೋ ಅಲ್ಲವೋ?”

“ಹೌದು!” ಅಂದಿತು ಇಡೀ ಮಂಟಪ. ಎಲ್ಲರಿಗಿಂತ ಜೋರಾಗಿ ಕೂಗಿದವರು ಕಾಕಾ.

ಅಂದಿನಿಂದ ಕಾಕು ರವಿವಾರ ಮುಂಜಾನೆ ಚಪ್ಪಲಿ ಮೆಟ್ಟಿ ಹೊರಡುತ್ತಾಳೆ. ಎಲ್ಲಿಗೆ ಅಂತ ಕೇಳಿದರೆ ಹೇಳುವುದಿಲ್ಲ. ಕಾಯಿ ಚಟ್ನಿಗೆ ಹೋಯಿತು. ಶಾಲು ಕಾಕಾನ ಕಾಲ ಮೇಲಿದೆ. ನನಗೆ ಉಳಿದದ್ದು ರವಿವಾರ: ಮುಂಜಾನೆಯಿಂದ ದೀಪ ಹಚ್ಚುವವರೆಗೆ, ಕಾಕಾ ಸಹಿತ.