ನ್ಯೂಜಿಲೆಂಡ್ ಡಾಲರ್ ಮತ್ತು ನಮ್ಮ ಮಾವ

ನಮ್ಮ ಸೋದರಮಾವ ಕನ್ನಡಿ ನೋಡಿದರೂ "ಯಾರಲೇ ಇವ?" ಎಂದು ಅನುಮಾನಿಸಿಯೇ ಮೀಸೆ ತೀಡುತ್ತಾರೆ. ನಂಬುವುದಿಲ್ಲವೇ? ಬೇಡ ಬಿಡಿ, ಮಾವನಿಗೂ ಅದೇ ಇಷ್ಟ! ಕುರುಗೋಡಿನ ಡಾಕ್ಟರು ಬಿ.ಪಿ. ನೋಡಿದರೆ, "ನಿಮ್ದೂ ಒಮ್ಮೆ ನೋಡ್ಕೊಳ್ರಿ, ಮಿಷನ್ ಸರಿ ಐತೋ ಇಲ್ಲೋ" ಎನ್ನುವವರ ಪೈಕಿ.

ಇಂಥವರೆದುರು ಬಾಯಿ ಬಿಟ್ಟೆ, ನೋಡಿ! ನಾನು ಬಳ್ಳಾರಿಯಲ್ಲಿ ಮೇಷ್ಟ್ರು. ಸಿರುಗುಪ್ಪದ ಒಬ್ಬ ಗುಂಗುರು ಕೂದಲಿನವನು ಮೊಬೈಲಿನಲ್ಲೇ ನ್ಯೂಜಿಲೆಂಡ್ ಡಾಲರ್ ಕೊಂಡು ಮಾರುವ ವಿದ್ಯೆ ಕಲಿಸಿದ್ದ. ದೇಶ ಸಣ್ಣದು, ಆದರೂ ಅದರ ದುಡ್ಡನ್ನು ಲೋಕವೆಲ್ಲ ಕೊಳ್ಳುತ್ತದೆ ಎಂದು ಮಾವನಿಗೆ ಪಾಠ ಮಾಡಿದೆ.

"ಎಷ್ಟು ಮಂದಿ ಅದಾರಲೇ ಅಲ್ಲಿ?"

"ಬೆಂಗಳೂರಿಗಿಂತ ಕಡಿಮಿ, ಮಾವ."

"ಕುರಿ?"

"ಮಂದಿಗಿಂತ ಜಾಸ್ತಿರಿ."

"ಮತ್ತ ಕುರಿ ಬಿಟ್ಟು ರೊಕ್ಕ ಯಾಕ ಕೊಳ್ತಾರ? ನಿನ್ನ ಕಡಿಂದ ಕೊಂಡವನ ಮಾರಿ ನೋಡೀಯೇನು?"

ನೋಡಿರಲಿಲ್ಲ! ನೋಡಿದ್ದು ಮೊಬೈಲಿನಲ್ಲಿ ಲಾಭವೆಂದು ಏರುತ್ತಿದ್ದ ಹಸಿರು ಅಂಕಿ ಮಾತ್ರ.

"ಹಂಗಾರ ಒಂದು ಸಾವಿರ ವಾಪಸ್ ತಗದು ತೋರ್ಸು."

ಒತ್ತಿದೆ. 'ಮೊದಲು ತೆರಿಗೆ ಕಟ್ಟಿ' ಎಂದಿತು ಮೊಬೈಲು. ಮತ್ತೆ ಒತ್ತಿದೆ. ಅದೇ ಉತ್ತರ.

"ಎಷ್ಟು ಹಾಕೀಯಲೇ?"

"ಮಗಳ ಕಾಲೇಜಿಗಂತ ಇಟ್ಟಿದ್ದೆಲ್ಲ. ಮನ್ಯಾಗ ಹೇಳಿಲ್ಲ."

ಬೈಯುತ್ತಾರೆಂದುಕೊಂಡೆ. ಮಾವ ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿಗೆ ನಡೆದೇಬಿಟ್ಟರು, ಹಿಂದೆ ನಾನು.

ಸಿರುಗುಪ್ಪದಲ್ಲಿ ಗೊಬ್ಬರದಂಗಡಿಯ ಮಾಳಿಗೆ ಮೇಲೆ ಆ ಗುಂಗುರು ಕೂದಲಿನವನ ಆಫೀಸು. "ಬರ್ರಿ ಯಜಮಾನ್ರೆ, ಚಾ ಕುಡೀರಿ" ಎಂದ.

"ಮೊದ್ಲು ನೀ ಕುಡಿ!"

ಅವನು ಕುಡಿದ. ಮಾವ ಆಗಲೂ ಮುಟ್ಟಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತು, ಹತ್ತಿ ಬಂದವರನ್ನೆಲ್ಲ ತಡೆದು, "ಹಾಕೀರಿ, ಸರಿ. ಒಮ್ಮೆರ ವಾಪಸ್ ಬಂದೈತೇನ್ರಿ?" ಎಂದು ಕೇಳತೊಡಗಿದರು. ಮಧ್ಯಾಹ್ನಕ್ಕೆ ಮೆಟ್ಟಿಲ ತುಂಬ ಜನ, ಎಲ್ಲರ ಬಾಯಲ್ಲೂ ಮಾವನದೇ ಪ್ರಶ್ನೆ! ಗುಂಗುರು ಕೂದಲು ಬೆವರಿ ಅಂಟಿಕೊಂಡಿತು. ನನ್ನ ಅರ್ಧ ದುಡ್ಡು ತಂದು, "ಈ ಯಜಮಾನ್ರನ್ನ ಕರಕೊಂಡು ಹೋಗ್ರಿ ಸಾರ್" ಎಂದು ಕೈಮುಗಿದ. ಮಾವ ಒಂದೊಂದೇ ನೋಟನ್ನು ಬಿಸಿಲಿಗೆ ಹಿಡಿದು ಪರೀಕ್ಷಿಸಿದರು. ಆಮೇಲೆ ದುಡ್ಡು ಹಾಕಿದವರನ್ನೆಲ್ಲ ಠಾಣೆಗೆ ಕರೆದೊಯ್ದು ದೂರು ಬರೆಸಿದರು. ಉಳಿದರ್ಧ ಇಂದಿಗೂ ಬಂದಿಲ್ಲ.

ವಾಪಸ್ ಬಸ್ಸಿನಲ್ಲಿ ನಾನು ತಲೆ ಎತ್ತಲಿಲ್ಲ. "ನೀವು ಹೇಳಿದ್ದ ಖರೆ ಆತು ಮಾವ" ಎಂದೆ.



"ಇದೊಂದು ಸಲರ ನಾ ಸುಳ್ಳಾಗ್ಲಿ ಅಂತ, ಮುಂಜಾನಿ ಬರೋವಾಗ ದಾರಿ ತುಂಬ ಬಸಪ್ಪನ್ನ ಬೇಡ್ಕೊಂಡಿದ್ದೆನಲೇ."

ನಾನು ಕಿಟಕಿಯತ್ತ ತಿರುಗಿದೆ. ಅವರ ಕೈ ನನ್ನ ಹೆಗಲ ಮೇಲೆ ಬಂತು. ತೆಕ್ಕಲಕೋಟೆ ದಾಟಿದರೂ ತೆಗೆಯಲಿಲ್ಲ.