ಪಾದರಸ ಕುಡಿದ ಉಂಗುರ

ಉಂಗುರವನ್ನು ಬೆರಳಿಗೆ ಹಾಕಿಕೊಳ್ಳದೆ ಜೇಬಿನಲ್ಲಿ ಇಟ್ಟುಕೊಂಡಿದ್ದರೆ ಕೋದಂಡಪ್ಪನಿಗೆ ಆ ದಿನ ಅಷ್ಟೊಂದು ಫಜೀತಿ ಆಗುತ್ತಿರಲಿಲ್ಲ. ಆದರೆ ಜೇಬೆಂದರೆ ಅವನ ಹೆಂಡತಿ ಮುನಿಗಂಗಮ್ಮನಿಗೆ ನಂಬಿಕೆಯಿಲ್ಲ.

"ರೈಲಲ್ಲಿ ಜೇಬು ಕತ್ತರಿಸ್ತಾರೆ, ಬಸ್ಸಲ್ಲಿ ಬ್ಯಾಗು ಕುಯ್ತಾರೆ. ಅಳೀಮಯ್ಯನ ಉಂಗುರ, ಬೆರಳಿಗೇ ಆಕ್ಕೊಂಡು ಬಾ. ಬೆರಳು ಕತ್ತರಿಸೋರು ಇನ್ನೂ ನಮ್ ಕಡೆ ಬಂದಿಲ್ಲ" ಎಂದು ಅವಳು ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು.

ಜೇಬಿನ ಮೇಲೆ ಕೋದಂಡಪ್ಪನಿಗೂ ನಂಬಿಕೆ ಇರಲಿಲ್ಲ. ಯಾಕೆ ಅನ್ನುವುದು ಅವನೊಬ್ಬನಿಗೇ ಗೊತ್ತು.

ಮಗಳು ಮೀನಾಳ ನಿಶ್ಚಿತಾರ್ಥ ಮರುದಿನ. ಹುಡುಗ ನವನೀತ್. ಅವನ ಅಪ್ಪ ಹನುಮಂತರಾಯಪ್ಪ ತುಮಕೂರು ಕಡೆಯವರು, ಕೆ.ಜಿ.ಎಫ್.ನ ಕಾರ್ಖಾನೆಯೊಂದರಲ್ಲಿ ತಯಾರಾದ ಸಾಮಾನನ್ನು ಪರೀಕ್ಷೆ ಮಾಡಿ ಮೊಹರು ಒತ್ತುವ ಕೆಲಸದಲ್ಲಿದ್ದರು. ಮೂವತ್ತು ವರ್ಷ ಬೋಲ್ಟು ಪರೀಕ್ಷೆ ಮಾಡಿ ಮಾಡಿ, ಮನೆಯಲ್ಲಿ ಕಾಫಿ ಕೊಟ್ಟರೂ ಲೋಟವನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಯುವ ಮನುಷ್ಯ.

ಕೆ.ಜಿ.ಎಫ್.ನಲ್ಲೇ ಮನೆಯಿದ್ದ ಕೋದಂಡಪ್ಪ ಬಂಗಾರಪೇಟೆಯ ಒಂದು ಹೈಸ್ಕೂಲಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್. ಬೆಳಿಗ್ಗೆ ರೈಲಿಳಿದವನೇ ಅಕ್ಕಸಾಲಿಯ ಹತ್ತಿರ ಹೋಗಿ, ಉಂಗುರ ಇಸಕೊಂಡು, ಬೆರಳಿಗೆ ಹಾಕಿಕೊಂಡು, ಮುಷ್ಟಿ ಬಿಗಿಹಿಡಿದೇ ಸ್ಕೂಲಿಗೆ ನಡೆದ. ನೋಡಿದವರು ಯಾರನ್ನೋ ಹೊಡೆಯಲು ಹೊರಟಿದ್ದಾನೆ ಅಂದುಕೊಂಡರು.

ಮೂರನೇ ಪಿರಿಯಡ್ಡಿನಲ್ಲಿ ಯಾವಳೋ ಹುಡುಗಿ ಕೈಜಾರಿ ಥರ್ಮಾಮೀಟರ್ ಕೆಡವಿದಳು. ಒಳಗಿನ ಪಾದರಸ ನೆಲಕ್ಕೆ ಬಿದ್ದದ್ದೇ, ಮದುವೆ ಮನೆಯ ಮಕ್ಕಳ ಹಾಗೆ ದಿಕ್ಕಿಗೊಂದು ಓಡಿತು. ಪಾಠ ಮಾಡುತ್ತಿದ್ದ ಅರ್ಚನ ಮೇಡಂ ಮಕ್ಕಳನ್ನು ಹೊರಗೆ ಕಳಿಸಿ ಕಿಟಕಿ ತೆಗೆದರು. ಕೋದಂಡಪ್ಪ ಎರಡು ರಟ್ಟಿನ ಚೂರು ಹಿಡಿದು ಹನಿಗಳನ್ನು ಅಟ್ಟಿಸಿಕೊಂಡು ಹೋದ. ಬೆಂಚಿನ ಕೆಳಗೆ ಅವಿತಿದ್ದ ಒಂದು ಹನಿ ರಟ್ಟಿನಿಂದ ಜಾರಿ ಅವನ ಬೆರಳಿಗೆ ತಾಕಿತು. ಅಷ್ಟೇ. ಹಳದಿ ಉಂಗುರದ ಮೇಲೆ ಬಿಳುಪು, ಗೋಡೆಗೆ ಸುಣ್ಣ ಬಳಿದ ಹಾಗೆ ಹಬ್ಬಿಕೊಂಡಿತು. ಒರೆಸಿದ. ಇನ್ನೂ ಹಬ್ಬಿತು.

"ಮಿಸ್, ನನ್ನ ಮನೆ ಮುಳುಗಿಹೋಯ್ತು ಮಿಸ್!" ಎಂದು ಅರಚಿದ.

ಅರ್ಚನ ಮೇಡಂ ಬಂದು ನೋಡಿದರು. "ಗಾಬರಿ ಆಗ್ಬೇಡಿ ಕೋದಂಡಪ್ಪ. ಉಪ್ಪು ನೀರಲ್ಲಿ ಕರಗೋ ಹಾಗೆ ಚಿನ್ನ ಪಾದರಸದಲ್ಲಿ ಕರಗುತ್ತೆ. ಮೇಲೆ ಎರಡೂ ಕೂಡಿಕೊಂಡು ಬೆಳ್ಳಗಿನ ಪದರ ಆಗಿದೆ. ಚಿನ್ನ ಎಲ್ಲೂ ಹೋಗಿಲ್ಲ. ಕಾಸಿದರೆ ಪಾದರಸ ಆವಿಯಾಗಿ ಹೋಗುತ್ತೆ, ಚಿನ್ನ ಉಳಿಯುತ್ತೆ. ಆದರೆ ಆ ಆವಿ ವಿಷ. ಮನೆ ಒಲೇಲಿ ಕಾಸೋಕೆ ಹೋಗ್ಬೇಡಿ. ಇದನ್ನ ಬಾಟಲಿಗೆ ಹಾಕಿ ಮುಚ್ಚಿ, ಹೊಗೆಗೂಡು ಇರೋ ಅಕ್ಕಸಾಲಿಗೆ ಕೊಡಿ."

ಅರ್ಧ ದಿನ ರಜೆ ಹಾಕಿ ಅಕ್ಕಸಾಲಿಯ ಅಂಗಡಿಗೆ ಓಡಿದರೆ ಬಾಗಿಲು ಮುಚ್ಚಿತ್ತು. ಕಾಮಸಮುದ್ರದಲ್ಲಿ ಅಕ್ಕಸಾಲಿಯ ನಾದಿನಿಯ ಮನೆ ಗೃಹಪ್ರವೇಶವಂತೆ. ಬರುವುದು ನಾಳೆ ಸಾಯಂಕಾಲವಂತೆ. ನಿಶ್ಚಿತಾರ್ಥ ನಾಳೆ ಬೆಳಿಗ್ಗೆ ಹತ್ತಕ್ಕೆ.

ರೈಲಿನಲ್ಲಿ ಕಿಟಕಿ ಪಕ್ಕ ಕೂತು ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದ. ಒಳಗೆ ಉಂಗುರ ಅಲ್ಯೂಮಿನಿಯಂ ತಟ್ಟೆಯ ಅಂಚಿನ ಹಾಗೆ ಕೂತಿತ್ತು.

"ಅದೇನಣ್ಣಾ ಬಾಟ್ಲೀಲಿ?"

ಎದುರು ಸೀಟಿನಲ್ಲಿ ಪಕ್ಕದ ಮನೆಯ ಪುಷ್ಪ, ತರಕಾರಿ ಚೀಲದ ಸಮೇತ. ಅವರಿದ್ದ ಗಣಿ ಕಾರ್ಮಿಕರ ಸಾಲುಮನೆ, ಕೋರಮಂಡಲ್ ಲೈನಿನಲ್ಲಿ ಯಾರ ಮನೆಯಲ್ಲಿ ಏನು ಸಾರು ಅನ್ನುವುದನ್ನು ಒಗ್ಗರಣೆಗೆ ಮೊದಲೇ ಹೇಳಬಲ್ಲವಳು. ಕೋದಂಡಪ್ಪ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಅವನು ಬಾಟಲಿಯನ್ನು ಜೇಬಿಗೆ ತುರುಕಿ, "ಏನಿಲ್ಲಮ್ಮ, ಕೆಮ್ಮಿನ ಔಷ್ದಿ" ಅಂದ.

"ಔಷ್ದಿ ಒಳಗೆ ಉಂಗ್ರ ಇರ್ತೈತಾ?"

ಅವನು ಕೆಮ್ಮಿದ. ಕೆಮ್ಮು ಕೂಡ ನಂಬುವ ಹಾಗಿರಲಿಲ್ಲ.

ಸ್ಟೇಷನ್ನಿನಲ್ಲಿ ಇಳಿದು, ನಲ್ಲಿಯಲ್ಲಿ ಮುಖ ತೊಳೆದು, ಹೆಂಡತಿಗೆ ಹೇಳಬೇಕಾದ ಮಾತನ್ನು ನಾಲ್ಕು ಸಲ ಬಾಯಿಪಾಠ ಮಾಡಿಕೊಂಡು ಮನೆ ಮುಟ್ಟುವಷ್ಟರಲ್ಲಿ ಬಾಗಿಲ ಮುಂದೆ ಹೆಂಗಸರ ಗುಂಪು ನೆರೆದಿತ್ತು. ನಡುವೆ ಸೊಂಟಕ್ಕೆ ಕೈಯಿಟ್ಟು ಮುನಿಗಂಗಮ್ಮ.

"ಎಲ್ಲಯ್ಯಾ ಉಂಗ್ರ?"

ಕೋದಂಡಪ್ಪ ಬಾಟಲಿ ತೆಗೆದು ಕೊಟ್ಟ. ಬಾಯಿಪಾಠ ಮಾಡಿದ್ದೆಲ್ಲ ಮರೆತು, "ಅದು... ಕುಡಿದ್ಬಿಟ್ಟೈತೆ" ಅಂದ.

"ಯಾರು ಕುಡಿದೌರೆ? ನೀನಾ?"

"ಉಂಗ್ರ ಕಣೇ! ಪಾದರಸ ಕುಡಿದೈತೆ. ಚಿನ್ನ ಒಳಗೇ ಐತೆ, ಮೇಲೆ ಮಾತ್ರ ಬೆಳ್ಳಗೆ."

"ನೋಡ್ರಮ್ಮಾ, ಉಂಗ್ರ ಕುಡೀತೈತಂತೆ!" ಮುನಿಗಂಗಮ್ಮ ಗುಂಪಿನ ಕಡೆ ತಿರುಗಿದಳು. "ಆಲಿನವನು ನೀರು ಬೆರೆಸಲ್ಲ ಅಂತಾನೆ, ಅಕ್ಕಿಯವನು ತೂಕ ಸರಿ ಐತೆ ಅಂತಾನೆ. ಅವರನ್ನಾದ್ರೂ ನಂಬ್ತೀನಿ. ನಿಜ ಏಳು, ಚಿನ್ನ ಎಲ್ಲಾಕಿದೆ?"

ಎದುರು ಮನೆಯ ಅಂಬಿಕ ಗಲ್ಲಕ್ಕೆ ಬೆರಳಿಟ್ಟಳು. "ಟೀವೀಲೂ ಇಂಗೇ ಆಯ್ತಕ್ಕಾ. ಬೆಳ್ಳಿದು ಈ ಮನೆಗೆ, ಚಿನ್ನದ್ದು ಇನ್ನೊಂದ್ ಮನೆಗೆ."

"ಯಾವ ಇನ್ನೊಂದ್ ಮನೆ?" ಕೋದಂಡಪ್ಪ ಹೌಹಾರಿದ. "ಈ ಮನೆ ಸೂರಿಗೇ ಶೀಟು ಆಕ್ಸೋಕಾಗಿಲ್ಲ ನಂಗೆ!"

"ರೈಲಲ್ಲಿ ನಂಗೆ ಕೆಮ್ಮಿನ ಔಷ್ದಿ ಅಂದ್ನಕ್ಕಾ," ಪುಷ್ಪ ನೆನಪು ಮಾಡಿದಳು. "ಸುಳ್ಳು ಯಾಕೇಳ್ಬೇಕು?"

ಕೋದಂಡಪ್ಪ ಅದಕ್ಕೆ ಹೋಗದೆ ರಸಾಯನಶಾಸ್ತ್ರಕ್ಕೇ ಇಳಿದ. ಹದಿನೆಂಟು ವರ್ಷ ಲ್ಯಾಬಿನ ಬಾಗಿಲಲ್ಲಿ ನಿಂತು ಕೇಳಿದ ಪಾಠವನ್ನೆಲ್ಲ ಒಟ್ಟಿಗೆ ಹೇಳಲು ಹೋಗಿ, ಉಪ್ಪು, ನೀರು, ಆವಿ, ವಿಷ ಎಲ್ಲ ಕಲಸಿಹೋಯಿತು. ವಿಷ ಅನ್ನುವ ಮಾತು ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿ, ಅಂಬಿಕ ಎರಡು ಹೆಜ್ಜೆ ಹಿಂದೆ ಸರಿದಳು.

ಮುನಿಗಂಗಮ್ಮ ತನ್ನ ಬಲಗೈ ಎತ್ತಿ ಗಂಡನ ಮೂಗಿನ ಮುಂದೆ ಹಿಡಿದಳು. "ಚಿನ್ನ ಅಂದ್ರೆ ಇದು! ನಮ್ಮಪ್ಪ ಇಲ್ಲೇ ನಂದಿದುರ್ಗ ಚಿನ್ನದ ಗಣೀಲಿ, ಭೂಮಿ ಒಳಗೆ ಬೆವರು ಸುರಿಸಿ ಮಾಡ್ಸಿಕೊಟ್ಟ ಉಂಗ್ರ. ಎಷ್ಟು ಪಾತ್ರೆ ಉಜ್ಜಿದ್ರೂ ಮೊನ್ನೆ ಮಾಡ್ಸಿದಂಗೆ ಒಳೀತೈತೆ, ಒಂದ್ ಗೀರು ಬಿದ್ದಿಲ್ಲ. ಇದು ಯಾವತ್ತಾದ್ರೂ ಬೆಳ್ಳಗಾಯ್ತಾ?"

ಕೋದಂಡಪ್ಪ ನೆಲ ನೋಡಿದ.

ಅಷ್ಟರಲ್ಲಿ ಕೊನೆಯ ಮನೆಯ ಕುಪ್ಪುಸ್ವಾಮಿ ಕೋಲೂರಿಕೊಂಡು ಬಂದ. ಎಂಬತ್ತು ದಾಟಿದ ಮುದುಕ, ಗಣಿ ನಡೆಯುತ್ತಿದ್ದ ಕಾಲದಲ್ಲಿ ಅದಿರು ಅರೆಯುವ ಮಿಲ್ಲಿನಲ್ಲಿ ಕೆಲಸ ಮಾಡಿದವನು. ಬಾಟಲಿ ಇಸಕೊಂಡು ಕಣ್ಣಿನ ಹತ್ತಿರ ಹಿಡಿದು, ಬೊಚ್ಚುಬಾಯಿ ಅಗಲಿಸಿ ನಕ್ಕ.

"ಅಡಡಾ! ಎಷ್ಟು ವರ್ಷ ಆಯ್ತು ಇದನ್ನ ನೋಡಿ! ರಸ ಹಿಡಿದೈತೆ ಕಣಮ್ಮಾ. ಕೋದಂಡ ಹೇಳೋದು ನಿಜ."

"ನೀವೂ ಇವನ ಕಡೇನಾ ಅಣ್ಣಾ?"

"ಯಾರ ಕಡೇನೂ ಇಲ್ಲ. ಮಿಲ್ಲಲ್ಲಿ ನಮ್ಮ ಕೆಲಸಾನೇ ಇದು. ಕಲ್ಲು ಅರೆದ ಮರಳಿಗೆ ರಸ ಸೇರಿಸಿ ಪೀಪಾಯಿಲಿ ಗಿರಗಿರ ತಿರುಗಿಸೋದು. ಮರಳು ಆಚೆ ಹೋಗ್ತದೆ, ಚಿನ್ನ ರಸದೊಳಗೆ ಅವಿತ್ಕೊಳ್ತದೆ. ಆಮೇಲೆ ಕಾಸಿದ್ರೆ ರಸ ಹಾರೋಗಿ ಚಿನ್ನ ಉಳೀತದೆ. ಚಿನ್ನ, ಬೆಳ್ಳಿ, ತಾಮ್ರ ಎಲ್ಲಾನೂ ತಿಂತದೆ ಈ ರಸ. ಕಬ್ಬಿಣ, ಉಕ್ಕು ಮಾತ್ರ ಮುಟ್ಟಲ್ಲ. ಅದಕ್ಕೇ ನಮಗೆ ಅದು ಕಬ್ಬಿಣದ ಕುಪ್ಪೀಲೇ ಬರ್ತಿತ್ತು."

"ಬಾಯಿಮಾತು ಯಾರು ನಂಬ್ತಾರೆ ತಾತಾ?" ಅಂದಳು ಪುಷ್ಪ.

"ನಂಬ್ಬೇಡ. ಈ ಉಂಗುರಾನ ಇನ್ನೊಂದು ಚಿನ್ನಕ್ಕೆ ಉಜ್ಜು. ಬರೀ ಬೆಳ್ಳಿ ಆದ್ರೆ ಏನೂ ಆಗಲ್ಲ. ರಸ ಇದ್ರೆ ಆ ಚಿನ್ನಾನೂ ಬೆಳ್ಳಗಾಗ್ತದೆ. ಯಾರು ಕೊಡ್ತೀರಾ?"

ಅಲ್ಲಿಯವರೆಗೆ ಕತ್ತು ಚಾಚಿಕೊಂಡಿದ್ದ ಹೆಂಗಸರೆಲ್ಲ ಏಕಕಾಲಕ್ಕೆ ಸೆರಗು ಹೊದ್ದರು. ಅಂಬಿಕಳಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು. ಪುಷ್ಪ ಎರಡು ಕಿವಿಯನ್ನೂ ಕೈಯಿಂದ ಮುಚ್ಚಿಕೊಂಡಳು, ಏನೋ ಕೆಟ್ಟ ಮಾತು ಕೇಳಿದವಳ ಹಾಗೆ.

ಸರಿಯಾಗಿ ಆಗಲೇ ಸ್ಕೂಟರ್ ನಿಂತ ಸದ್ದಾಯಿತು. ಹನುಮಂತರಾಯಪ್ಪ ಮತ್ತು ಅವರ ಹೆಂಡತಿ ಅಂಜನಮ್ಮ, ನಾಳೆಗೆ ಮೀನಾ ಉಡಬೇಕಾದ ಸೀರೆ ಕೊಟ್ಟುಹೋಗಲು ಬಂದವರು, ಗುಂಪು ನೋಡಿ ಅಲ್ಲೇ ನಿಂತರು. ಯಾರೂ ಹೇಳಬೇಕಾಗಿರಲಿಲ್ಲ, ಪುಷ್ಪ ಇದ್ದಳಲ್ಲ, ಹೇಳಿದಳು.

ಹನುಮಂತರಾಯಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು, ಮೂರು ಸುತ್ತು ತಿರುಗಿಸಿ ನೋಡಿದರು.

"ಬೀಗರೇ, ಉಂಗುರ ದೊಡ್ಡದಲ್ಲ. ಬೆಳ್ಳಿದೇ ಕೊಡ್ತೀನಿ ಅಂದಿದ್ರೂ ನಾವು ಬೇಡ ಅಂತಿರಲಿಲ್ಲ. ಆದ್ರೆ ಬೆಳ್ಳಿ ತಂದು ಚಿನ್ನ ಅನ್ನೋ ಮನೆ ಜೊತೆ ಸಂಬಂಧ ಹೆಂಗೆ? ಪರೀಕ್ಷೆ ಅಂತ ಒಂದು ಇದ್ರೆ ಈಗ್ಲೇ ಆಗ್ಲಿ. ಪಾಸಾದ್ರೆ ನಾಳೆ ಹತ್ತಕ್ಕೆ ಬರ್ತೀವಿ."

ಬಾಗಿಲ ಹಿಂದೆ ಮೀನಾಳ ಬಳೆ ಸದ್ದು ನಿಂತುಹೋಯಿತು.

ಮುನಿಗಂಗಮ್ಮ ಒಂದು ಕ್ಷಣ ಮಗಳ ಕಡೆ ನೋಡಿದಳು. ಆಮೇಲೆ ಬೆರಳಿನಿಂದ ತನ್ನ ಉಂಗುರ ಎಳೆದು ತೆಗೆದಳು. "ತಗೊಳ್ರಣ್ಣಾ. ನಮ್ಮಪ್ಪಂದು. ಇದಕ್ಕಿಂತ ಒಳ್ಳೇ ಚಿನ್ನ ಈ ಲೈನಲ್ಲೇ ಇಲ್ಲ. ಇದಕ್ಕೇ ಉಜ್ಜಿ."

"ಬೇಡ!" ಕೋದಂಡಪ್ಪ ಕುಪ್ಪುಸ್ವಾಮಿಯ ಕೈ ಹಿಡಿದುಕೊಂಡ. "ಅದು ಬೇಡ. ಬೇರೆ ಯಾವುದಾದ್ರೂ..."

"ಯಾಕೆ ಬೇಡ?" ಹನುಮಂತರಾಯಪ್ಪನವರ ಹುಬ್ಬು ಮೇಲೇರಿತು.

"ಮಾವನವರ ಗ್ಯಾಪಕ... ಪಾಪ..."

ಕುಪ್ಪುಸ್ವಾಮಿ ಕಾಗದದ ಚೂರಿನಲ್ಲಿ ಬಿಳಿ ಉಂಗುರ ಹಿಡಿದು ಮುನಿಗಂಗಮ್ಮನ ಉಂಗುರಕ್ಕೆ ಉಜ್ಜಿದ. ಎಲ್ಲರೂ ಬಗ್ಗಿ ನೋಡಿದರು. ಇನ್ನೊಮ್ಮೆ ಉಜ್ಜಿದ, ಜೋರಾಗಿ. ಮುನಿಗಂಗಮ್ಮನ ಉಂಗುರ ಬಿಸಿಲಲ್ಲಿ ಹಳದಿಯಾಗಿ, ಒಂದು ಚುಕ್ಕೆಯೂ ಇಲ್ಲದೆ ಹೊಳೆಯಿತು.

"ನಾ ಏಳಿಲ್ವಾ?" ಅಂದಳು ಪುಷ್ಪ.

ಹನುಮಂತರಾಯಪ್ಪ ಸೀರೆಯ ಪೊಟ್ಟಣವನ್ನು ಕಂಕುಳಿಗೆ ಸೇರಿಸಿಕೊಂಡರು. "ನಡಿಯೇ ಅಂಜನಾ."

ಕೋದಂಡಪ್ಪ ಒಮ್ಮೆ ಮಗಳ ಮುಖ ನೋಡಿದ, ಒಮ್ಮೆ ಹೆಂಡತಿಯದು. ಮಗಳ ಮುಖ ನೋಡಲಾಗಲಿಲ್ಲ. ಹೆಂಡತಿಯದು ನೋಡುವ ಧೈರ್ಯವಿರಲಿಲ್ಲ. ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟ.

"ನಿಲ್ರಿ ಬೀಗರೇ. ನನ್ ಉಂಗ್ರ ಚಿನ್ನಾನೇ. ಚಿನ್ನ ಅಲ್ದೇ ಇರೋದು ಇವಳ ಉಂಗ್ರ. ಎಂಟು ವರ್ಷದ ಇಂದೆ ಇವಳು ಅಗಲ ಮಾಡ್ಸ್ಕೊಂಡು ಬಾ ಅಂತ ಕೊಟ್ಟಿದ್ಲು. ಜೇಬಲ್ಲಿಟ್ಟಿದ್ದೆ, ಜೇಬು ತೂತಾಗಿತ್ತು. ರೈಲಲ್ಲಿ ಎಲ್ಲಿ ಬಿತ್ತೋ. ಹದಿನೈದು ದಿನ ಹಳಿ ಪಕ್ಕದಲ್ಲಿ ಉಡುಕ್ದೆ. ಆಮೇಲೆ ಬಂಗಾರಪೇಟೆ ಫ್ಯಾನ್ಸಿ ಸ್ಟೋರಲ್ಲಿ ಚಿನ್ನದ ಬಣ್ಣದ ಸ್ಟೀಲ್ ಉಂಗ್ರ ತಂದುಕೊಟ್ಟೆ."

ಮುನಿಗಂಗಮ್ಮ ಸೆಟೆದು ನಿಂತಳು.

"ಥೂ! ನಿನ್ ತಪ್ಪು ಮುಚ್ಕೊಳ್ಳೋಕೆ ಸತ್ತಿರೋ ನಮ್ಮಪ್ಪನ ಉಂಗ್ರನೇ ಸುಳ್ಳು ಅಂತೀಯಾ? ಎಂಟು ವರ್ಷದಿಂದ ನಾನು ಸ್ಟೀಲು ಆಕ್ಕೊಂಡು ತಿರುಗ್ತಿದ್ದೀನಾ? ನೋಡ್ರಿ, ಇವನ ಬಂಡವಾಳ ನಾನೇ ತೋರಿಸ್ತೀನಿ!" ಎಂದವಳೇ ಕಿವಿಯ ಓಲೆ ಬಿಚ್ಚಿ, ಕುಪ್ಪುಸ್ವಾಮಿಯ ಕೈಯಲ್ಲಿದ್ದ ಬಿಳಿ ಉಂಗುರಕ್ಕೆ ಒಂದೇ ಸಮ ತಿಕ್ಕಿದಳು.

ಓಲೆ ಬೆಳ್ಳಗಾಯಿತು.

"ಪಾಸು!" ಎಂದು ಹನುಮಂತರಾಯಪ್ಪ, ಮೂವತ್ತು ವರ್ಷದ ಅಭ್ಯಾಸಬಲದಿಂದ, ಕೂಗಿಬಿಟ್ಟರು.

ಮುನಿಗಂಗಮ್ಮ ಓಲೆ ನೋಡಿದಳು. ಮುದುಕನ ಅಂಗೈಯಲ್ಲಿದ್ದ ತನ್ನ ಹಳದಿ ಉಂಗುರ ನೋಡಿದಳು. "ಕುಪ್ಪುಸ್ವಾಮಣ್ಣಾ, ರಸ ಯಾವುದನ್ನ ಮುಟ್ಟಲ್ಲ ಅಂದ್ರಿ?"

ಮುದುಕ ಕೋಲಿನ ತುದಿಯಿಂದ ನೆಲ ಕೆದಕುತ್ತ, "ವಯಸ್ಸಾಯ್ತಮ್ಮಾ, ಸರಿಯಾಗಿ ನೆನಪಿಲ್ಲ" ಅಂದ.

ಅವಳು ಮತ್ತೆ ಮಾತಾಡಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಜೊತೆ ಬಳೆ, ಕತ್ತಿನ ಸರ, ಇನ್ನೊಂದು ಜೊತೆ ಓಲೆ, ಗಂಡನ ಕೈಯಲ್ಲಿ ಯಾವತ್ತಾದರೂ ರಿಪೇರಿಗೆ ಕಳಿಸಿದ್ದನ್ನೆಲ್ಲ ತಂದು ಜಗಲಿಯ ಮೇಲೆ ಸಾಲಾಗಿಟ್ಟಳು. "ಬೇಡಮ್ಮಾ, ಕೈಗೆ ಒಳ್ಳೇದಲ್ಲ" ಎಂದು ಕುಪ್ಪುಸ್ವಾಮಿ ತಡೆಯುವಷ್ಟರಲ್ಲಿ ಒಂದೊಂದನ್ನೂ ಎತ್ತಿ ತಿಕ್ಕಿದಳು. ಒಂದೊಂದೂ ಬೆಳ್ಳಗಾಯಿತು. ಒಂದೊಂದು ಬೆಳ್ಳಗಾದಾಗಲೂ ಕೋದಂಡಪ್ಪ ಕೈಮುಗಿದ. ತಾಳಿಗೆ ಕೈ ಹಾಕಿ, ಏನೋ ಯೋಚಿಸಿ ಅದನ್ನು ಬಿಟ್ಟಳು.

ಹನುಮಂತರಾಯಪ್ಪನವರಿಗೆ ಬಹಳ ಸಂತೋಷವಾಗಿತ್ತು. "ನೂರಕ್ಕೆ ನೂರು, ಬೀಗರೇ! ಇಷ್ಟು ಪರೀಕ್ಷೆ ಮಾಡಿ ಹೆಣ್ಣು ಕೊಡೋ ಮನೆ ನಾನು ಕಂಡಿಲ್ಲ" ಎಂದು ಸೀರೆ ಕೊಟ್ಟು, ಕಾಫಿಯನ್ನು ಲೋಟ ನೋಡದೆ ಕುಡಿದು ಹೋದರು.

ಮರುದಿನ ಹತ್ತಕ್ಕೆ ನಿಶ್ಚಿತಾರ್ಥ ನಡೆಯಿತು. ಅಕ್ಕಸಾಲಿ ಇನ್ನೂ ಕಾಮಸಮುದ್ರದಲ್ಲೇ ಇದ್ದ. ರಸ ಹಿಡಿದದ್ದನ್ನು ಯಾರೂ ಮೈಮೇಲೆ ಹಾಕಿಕೊಳ್ಳಕೂಡದು ಎಂದು ಕುಪ್ಪುಸ್ವಾಮಿ ಕಟ್ಟಪ್ಪಣೆ ಮಾಡಿದ್ದರಿಂದ, ತಾಂಬೂಲದ ತಟ್ಟೆಯಲ್ಲಿ ನವನೀತನ ಉಂಗುರ ಬಾಟಲಿಯೊಳಗೇ ಕೂತಿತ್ತು. ಮುನಿಗಂಗಮ್ಮನ ಬಳೆ, ಸರ, ಓಲೆಯೆಲ್ಲ ದೊಡ್ಡದೊಂದು ಉಪ್ಪಿನಕಾಯಿ ಜಾಡಿ ಸೇರಿದ್ದವು. ಹೆಣ್ಣಿನ ತಾಯಿ ಬರಿಗೈಯಲ್ಲಿ ನಿಲ್ಲುವುದಕ್ಕಾಗುತ್ತದೆಯೇ? ಸೆರಗಿನೊಳಗಿನ ತಾಳಿ ಬಿಟ್ಟರೆ ಅವಳ ಮೈಮೇಲೆ ಇದ್ದದ್ದು ಅದೊಂದೇ ಉಂಗುರ. ದೀಪದ ಬೆಳಕಿಗೆ ಫಳಫಳ ಹೊಳೆಯುತ್ತಿತ್ತು.

ಗಂಡಿನ ಕಡೆಯ ಅಜ್ಜಿಯೊಬ್ಬರು ಅವಳ ಕೈ ಹಿಡಿದು ನೋಡಿ, ಕೋದಂಡಪ್ಪನಿಗೆ ಹೇಳಿದರು: "ಎಲ್ಲಾ ಬೆಳ್ಳಗಾಯ್ತಂತಲ್ಲಪ್ಪಾ. ಹೋಗ್ಲಿ, ಇದೊಂದಾದ್ರೂ ಅಸಲು ಚಿನ್ನ ಉಳ್ಕಂಡೈತಲ್ಲ."

ಮುನಿಗಂಗಮ್ಮ ಉಂಗುರವನ್ನು ಬೆರಳಿನಲ್ಲೇ ಒಂದು ಸುತ್ತು ತಿರುಗಿಸಿ, ಗಂಡನ ಕಡೆ ನೋಡಿ, ಹಿಂದಿನ ದಿನದಿಂದ ಮೊದಲನೇ ಸಲ ಬಾಯಿ ಬಿಟ್ಟಳು.

"ಊಂ ಅಜ್ಜಿ. ನಮ್ಮೆಜಮಾನ್ರು ಮಾಡ್ಸಿಕೊಟ್ಟಿದ್ದು."

ಕೋದಂಡಪ್ಪ ಊಟದ ಎಲೆ ಹಾಕಿಸುವ ನೆಪ ಮಾಡಿಕೊಂಡು ಹೊರಗೆ ಹೋದವನು, ಕೊನೆಯ ಪಂಕ್ತಿ ಏಳುವವರೆಗೂ ಒಳಗೆ ಬರಲಿಲ್ಲ.