ಒಗೆಯುವ ಕಲ್ಲಿನ ಕಾವಲು

ಸ್ಫೂರ್ತಿ, ಮಂಜು, ಇಬ್ಬರೂ ಕೇಳಿರಿ. ನಿಮ್ಮ ಅಜ್ಜಿ ಹುಟ್ಟಿನಿಂದಲೇ ನಾಚಿಕೆಯವಳು. ಇದನ್ನು ಬಾಯಿಬಿಟ್ಟು ಹೇಳಲಿಕ್ಕೂ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗಂಟಲಿನವರೆಗೆ ಬಂದು, ಹೊರಗೆ ಇಣುಕಿ ನೋಡಿ, ತಿರುಗಿ ಹೊಟ್ಟೆಗೆ ಇಳಿದುಬಿಡುತ್ತಿತ್ತು. ನನ್ನ ಮದುವೆಯ ಫೋಟೋ ನೀವು ನೋಡಿದ್ದೀರಿ. ಅದರಲ್ಲಿ ನಿಮ್ಮಜ್ಜ ಇದ್ದಾರೆ, ಬಾಸಿಂಗ ಇದೆ, ನನ್ನ ಬೈತಲೆ ಇದೆ, ನಾನು ಮಾತ್ರ ಇಲ್ಲ. ಆಧಾರ್ ಕಾರ್ಡಿಗೆ ಫೋಟೋ ತೆಗೆಯುವಾಗ ಆ ಮನುಷ್ಯ, "ಅಮ್ಮಾ, ಒಂಚೂರು ಮ್ಯಾಲ ನೋಡ್ರಿ, ಕ್ಯಾಮೆರಾ ಕಚ್ಚಂಗಿಲ್ಲ" ಎಂದು ಅಂಗಲಾಚಿದ್ದ. ಇಂಥವಳ ಮನೆಯ ಹಿತ್ತಲಿಗೇ ಕ್ಯಾಮೆರಾ ಬಂದು ಕುಳಿತರೆ ಏನಾಗಬೇಕು, ನೀವೇ ಹೇಳಿ.

ಗಂಗಾವತಿಯ ನಮ್ಮ ಓಣಿಯಲ್ಲಿ ಯಾರದೋ ಬೈಕಿನ ಪೆಟ್ರೋಲ್ ಹೋಯಿತೆಂದು ನಿಮ್ಮ ಸೋದರಮಾವ ವಿರೂಪಾಕ್ಷ ಎರಡು ಕ್ಯಾಮೆರಾ ಹಾಕಿಸಿದ, ಮುಂದಿನ ಬಾಗಿಲಿಗೆ ಒಂದು, ಹಿತ್ತಲಿಗೆ ಒಂದು. ಅವನು ಮುನಿರಾಬಾದಿಗೆ ನೌಕರಿಗೆ ಹೋಗುತ್ತಾನೆ, ನಿಮ್ಮ ಶಾರದತ್ತೆ ಹನುಮನಹಳ್ಳಿಯ ಶಾಲೆಗೆ. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಎರಡು ಕ್ಯಾಮೆರಾ. ಮೊದಲ ವಾರ ನಾನು ಹಿತ್ತಲಿಗೆ ಹೋಗುವಾಗ ಗೋಡೆಗೆ ಅಂಟಿಕೊಂಡು ಹಲ್ಲಿಯ ಹಾಗೆ ಸರಿಯುತ್ತಿದ್ದೆ. ಪಾತ್ರೆ ತೊಳೆಯುವಾಗ ಅದಕ್ಕೆ ಬೆನ್ನು. ನಾನು ನಾಚಿದೆನೇ ಹೊರತು ಅದು ನಾಚಲಿಲ್ಲ. ಏನು ಅಲುಗಾಡಿದರೂ ಶಾರದಳ ಫೋನಿಗೆ "ಟಿಂಗ್" ಎಂದು ಚಾಡಿ ಹೇಳುತ್ತಿತ್ತು. ಹಗ್ಗದ ಮೇಲಿನ ಸೀರೆ ಹಾರಿದರೆ ಟಿಂಗ್, ಬೇವಿನ ನೆರಳು ಅಲ್ಲಾಡಿದರೆ ಟಿಂಗ್. ಹೆಡ್ ಮಾಸ್ತರರು, "ಟೀಚರ್, ನಿಮ್ಮ ಫೋನ್ ಹೊಡಕೊಳ್ಳೋದು ನೋಡಿದ್ರ ನಮ್ಮ ಸಾಲಿಗೆ ಗಂಟೀನ ಬ್ಯಾಡ ಅನಸ್ತೈತ್ರಿ" ಎಂದರಂತೆ. ಅವತ್ತೇ ಅವಳು ಅದರ ಸದ್ದು ಬಂದ್ ಮಾಡಿದಳು.

ಇನ್ನು ಹುಲಿಗೆವ್ವನ ವಿಷಯ. ನಮ್ಮ ಬಟ್ಟೆ ಒಗೆಯಲು ಬರುತ್ತಿದ್ದವಳು ಅವಳು. ನಿಮ್ಮಜ್ಜ ಇದ್ದ ಕಾಲದಿಂದ ಬರುತ್ತಿದ್ದಳು. ಲೋಕದಲ್ಲಿ ನಾನು ಪೂರ್ತಿ ದನಿ ತೆಗೆದು ಮಾತಾಡುವುದು ಅವಳೊಬ್ಬಳ ಜೊತೆ. ಅವಳು ಒಗೆಯುತ್ತಿದ್ದಳು, ನಾನು ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದೆ, ಓಣಿಯ ಸುದ್ದಿಯೆಲ್ಲ ಅಲ್ಲೇ ತೊಳೆದು ಹಿಂಡಿ ಒಣಗುತ್ತಿತ್ತು. ಅಂಥದರಲ್ಲಿ ಒಗೆಯುವ ಕಲ್ಲಿನ ಮೇಲಿಟ್ಟ ಸಾಬೂನು ಮಾಯವಾಗತೊಡಗಿತು. ಇಂದು ಇಟ್ಟ ಸಾಬೂನು ನಾಳೆಗೆ ಇಲ್ಲ. ಒಂದು ದಿನ ಶಾರದಾ ಚಪ್ಪಲಿ ಮೆಟ್ಟುತ್ತ, "ಸಬಕಾರ ಏನು ರೆಕ್ಕಿ ಕಟಗೊಂಡು ಹಾರತಾವೇನು?" ಎಂದಳು. ಹುಲಿಗೆವ್ವ ಅದೇ ಹೊತ್ತಿಗೆ ಹಿತ್ತಲ ಬಾಗಿಲಿನಲ್ಲಿ ಕಾಲಿಟ್ಟಿದ್ದಳು. ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟಳು.

"ಯಕ್ಕಾ, ಇಷ್ಟು ವರ್ಸ ನಿಮ್ಮ ಬಟ್ಟಿ ಕೊಳಿ ತಗದೀನಿ. ನನ್ನ ಮ್ಯಾಲಿನ ಕೊಳಿ ಯಾರು ತಗೀತಾರ?" ಎಂದು ಹೊರಟುಹೋದಳು.

ಶಾರದಾ ಕೆಟ್ಟವಳಲ್ಲ. "ಅತ್ತೀ, ನಾ ಆಕೀಗೆ ಅಂದಿಲ್ಲರಿ, ಬರೇ ಸಬಕಾರಕ್ಕ ಅಂದೀನಿ" ಎಂದು ಮುಖ ಸಣ್ಣದು ಮಾಡಿದಳು. ಆದರೆ ಅವತ್ತಿನಿಂದ ನಾವು ಬಟ್ಟೆಯನ್ನು ಬಚ್ಚಲಮನೆಯೊಳಗೆ ಒಗೆದು ಸಾಬೂನನ್ನು ಒಳಗೇ ಇಟ್ಟೆವು. ಸಾಬೂನು ಹೋಗುವುದು ನಿಂತಿತು. ಇದರಷ್ಟು ಕೆಟ್ಟದ್ದು ಇನ್ನೊಂದಿರಲಿಲ್ಲ. ಹುಲಿಗೆವ್ವ ಹೋದಳು, ಕಳವು ನಿಂತಿತು ಎಂದು ಓಣಿ ಮಾತಾಡದೆ ಬಿಡುತ್ತದೆಯೆ? ಅವಳ ಹೆಸರು ತೊಳೆಯುವ ಕೆಲಸ ಈಗ ನನ್ನ ತಲೆಗೆ ಬಂತು.

"ಕ್ಯಾಮೆರಾ ನೋಡಿರಬೇಕಲ್ಲೋ?" ಎಂದು ವಿರೂಪಾಕ್ಷನನ್ನು ಕೇಳಿದೆ.

"ನೋಡೇತಿ ಬೇ, ಸೀರಿ ಹಾರೋದನ್ನ. ಅದರಾಗ ಕಾರ್ಡ್ ತುಂಬಿ ಹಳೇದೆಲ್ಲಾ ಅಳಿಸಿ ಹೋಗೈತಿ" ಎಂದ. ಕ್ಯಾಮೆರಾ ಎಲ್ಲ ಕಡೆ ನೋಡುತ್ತಿರುವುದರಿಂದಲೇ ಅದಕ್ಕೆ ಏನೂ ಕಾಣುತ್ತಿಲ್ಲ, ಎಲ್ಲಿ ನೋಡಬೇಕು ಅಂತ ಅದಕ್ಕೆ ಜಾಗ ಗುರುತು ಮಾಡಿಕೊಡಬೇಕು ಎಂದ. ತನ್ನ ಹಳೆಯ ಫೋನನ್ನು ನನ್ನ ಕೈಗೆ ಕೊಟ್ಟ. ಅದರಲ್ಲಿ ನಮ್ಮ ಹಿತ್ತಲು, ಹಿತ್ತಲಿನ ಮೇಲೆ ಪುಟ್ಟ ಪುಟ್ಟ ಚೌಕಗಳ ಜಾಲ. "ಮುಟ್ಟಿದ ಚೌಕ ಕೆಂಪಾಗತೈತಿ. ಕೆಂಪು ಇದ್ದಲ್ಲಿ ಅಷ್ಟ ನೋಡತೈತಿ, ಉಳಿದಿದ್ದಕ್ಕ ಕಣ್ಣು ಮುಚ್ಚತೈತಿ. ನೀನ ಮಾಡು, ನಂಗ ಬಸ್ಸಿಗೆ ಹೊತ್ತಾತು" ಎಂದು ಓಡಿದ.

ನಾನು ಕನ್ನಡಕ ಹಾಕಿಕೊಂಡು ಕುಳಿತೆ. ಮೊದಲು ಅಡುಗೆಮನೆಯ ಬಾಗಿಲಿನಿಂದ ಬಚ್ಚಲಿನವರೆಗೆ ನಾನು ಓಡಾಡುವ ದಾರಿಯನ್ನು ಖಾಲಿ ಬಿಟ್ಟೆ. ನನ್ನನ್ನು ಅದು ನೋಡಕೂಡದು. ಬೇವು ಬಿಟ್ಟೆ, ಹಗ್ಗ ಬಿಟ್ಟೆ. ಆಮೇಲೆ ಒಂದು ಚೌಕ ಮುಟ್ಟಿದೆ, ಕೆಂಪಾಯಿತು. ಅದರ ಎದುರಿನದನ್ನು ಮುಟ್ಟಿದೆ. ಮಕ್ಕಳೇ, ಆಮೇಲೆ ನನ್ನ ಬೆರಳು ನನ್ನ ಮಾತು ಕೇಳಲಿಲ್ಲ! ನಿಮ್ಮಜ್ಜ ಹೋದ ಮೇಲೆ ಬಾಗಿಲ ಮುಂದಿನ ರಂಗೋಲಿಯ ಡಬ್ಬಿಯನ್ನು ನಾನೇ ಶಾರದಳ ಕೈಗೆ ಕೊಟ್ಟಿದ್ದೆ. ರಂಗೋಲಿ ಹಾಕಬೇಡವೆಂದು ಯಾರೂ ಅಂದಿರಲಿಲ್ಲ. ಅಷ್ಟು ವರ್ಷ ಸುಮ್ಮನಿದ್ದ ಬೆರಳು ಆ ಚೌಕಗಳನ್ನು ಕಂಡು ಚುಕ್ಕಿಗಳೆಂದೇ ತಿಳಿಯಿತು. ಈ ಕಡೆ ಎರಡು ಎಸಳು, ಆ ಕಡೆ ಎರಡು, ಮೂಲೆಗೊಂದು. ಎಂಟು ಎಸಳಿನ ತಾವರೆ ನಮ್ಮ ಹಿತ್ತಲ ಮೇಲೆ ಕೆಂಪಗೆ ಅರಳಿತು. ಎಷ್ಟು ಚೆಂದ ಬಂದಿತ್ತೆಂದರೆ ನಾನೇ ಸ್ವಲ್ಪ ಹೊತ್ತು ನೋಡುತ್ತ ಕುಳಿತೆ. ಕಲ್ಲಿನ ಮೇಲೆ ಹೊಸ ಸಾಬೂನು ಇಟ್ಟು ಬಂದು, ಉಳಿಸುವ ಗುಂಡಿ ಒತ್ತಿ, ಒಳಗೆ ಹೋಗಿ ಚಹಾಕ್ಕಿಟ್ಟೆ.

ಚಹಾ ಕುಡಿದು ಬಂದು ನೋಡಿದರೆ ಸಾಬೂನು ಇಲ್ಲ. ಫೋನು ಪಿಟ್ಟೆಂದಿಲ್ಲ!

ಸಂಜೆ ಶಾರದಳಿಗೆ ಹೇಳಿದೆ. ಅವಳು ನನ್ನನ್ನೇ ಒಂದು ಥರ ನೋಡಿ, "ಅತ್ತೀ, ಆಕಿ ಮ್ಯಾಲಿನ ಪ್ರೀತೀಗೆ ನೀವ ಎಲ್ಲ್ಯರ ಮುಚ್ಚಿಟ್ಟಿಲ್ಲ ಹೌದಲ್ಲ?" ಎಂದು ನಕ್ಕಳು. ಈಗ ಸಾಬೂನು ಕಳ್ಳಿ ನಾನಾದೆ. ಮರುದಿನ ಕುಷ್ಟಗಿಗೆ ನಿನಗೇ ಫೋನ್ ಮಾಡಿದೆನಲ್ಲ, ಸ್ಫೂರ್ತಿ, ನೆನಪಿದೆಯೆ? ಪರದೆಯ ಫೋಟೋ ಕಳಿಸು ಎಂದು ನೀನು ಹೇಳಿದೆ. ಕಳಿಸಿದೆ. ನೀನು ನಕ್ಕಿದ್ದು ಕುಷ್ಟಗಿಯಿಂದ ಫೋನಿಲ್ಲದೆಯೂ ಕೇಳಿಸುತ್ತಿತ್ತು.

"ಅಜ್ಜಿ, ತಾವರಿ ಭಾರೀ ಐತಿ. ಆದ್ರ ನಟ್ಟನಡುವ ಯಾಕ ಖಾಲಿ ಬಿಟ್ಟಿ?"

"ನಡುವ ದೀಪ ಇಡಾಕ ಬಿಡಬೇಕಲ್ಲವ್ವಾ. ನಮ್ಮವ್ವ ಹಂಗ ಕಲಿಸ್ಯಾಳ."

"ಆ ದೀಪದ ಜಾಗದಾಗ ಒಗಿಯೋ ಕಲ್ಲು ಐತಲ್ಲಜ್ಜಿ!"

ಹೌದಲ್ಲ! ಸುತ್ತಲಿನ ಮಣ್ಣಿಗೆಲ್ಲ ಕಾವಲಿಟ್ಟು ಸಾಬೂನಿನ ಜಾಗವನ್ನೊಂದೇ ಬಿಟ್ಟಿದ್ದೆ. ಮನಸ್ಸಿಲ್ಲದ ಮನಸ್ಸಿನಿಂದ ಎಸಳುಗಳನ್ನು ಒಂದೊಂದಾಗಿ ಅಳಿಸಿದೆ, ಕಲ್ಲಿನ ಮೇಲೆ ಮಾತ್ರ ಕೆಂಪು ತುಂಬಿದೆ. ಸಾಬೂನು ಇಟ್ಟೆ. ಟಿಂಗ್! ಓಡಿಬಂದು ನೋಡಿದರೆ ಒಂದು ದಪ್ಪ ಕೈ, ಎರಡು ಬಳೆ. ನನ್ನದೇ. ಮತ್ತೆ ಟಿಂಗ್! ಈ ಸಲ ಮೇಲೆ ಹಾದುಹೋದ ಮೋಡದ ನೆರಳು. ನೀನು ಹೇಳಿದ್ದೆಯಲ್ಲ, ಅದು ಎಷ್ಟು ಚುರುಕಾಗಿರಬೇಕು ಎನ್ನುವುದಕ್ಕೆ ಒಂದು ಗೆರೆ ಇದೆ, ಅದನ್ನು ಹಿಂದೆ ಮುಂದೆ ಎಳೆಯಬೇಕು ಎಂದು. ಪೂರ್ತಿ ಹಿಂದೆ ಎಳೆದೆ. ಪರೀಕ್ಷೆಗೆಂದು ಕಲ್ಲಿನ ಮೇಲೆ ಕೈಯಾಡಿಸಿದೆ, ಅದು ನಿದ್ದೆ ಹೋಗಿತ್ತು. ಸ್ವಲ್ಪ ಮುಂದೆ ತಂದೆ. ಒಗ್ಗರಣೆಗೆ ಉರಿ ಹದ ಮಾಡಿದ ಹಾಗೆ ಮಾಡಿ ಮಾಡಿ, ನೆರಳಿಗೆ ಸುಮ್ಮನಿದ್ದು ಕೈಗೆ ಎಚ್ಚರವಾಗುವಲ್ಲಿಗೆ ತಂದು ನಿಲ್ಲಿಸಿದೆ. ಅಡುಗೆಮನೆಯ ಕಿಟಕಿಯ ಹಿಂದೆ ಅಕ್ಕಿಯ ಮೊರ ಹಿಡಿದು ಕುಳಿತೆ.

ಟಿಂಗ್!

ಕಾಗೆ! ಕೊಕ್ಕಿನಲ್ಲಿ ಸಾಬೂನು ಅಡ್ಡ ಹಿಡಿದು, ಹೋಗುವ ಮೊದಲು ಕತ್ತು ಓರೆ ಮಾಡಿ ಕ್ಯಾಮೆರಾವನ್ನು ನೆಟ್ಟಗೆ ನೋಡುತ್ತಿತ್ತು. ಆಧಾರ್ ಕಾರ್ಡಿನವನಿಗೆ ಬೇಕಾಗಿದ್ದುದು ಅಂಥ ನೋಟವೇ! ಶಾರದಾ ಹೇಳಿದ್ದು ಅಕ್ಷರಶಃ ನಿಜವಾಗಿತ್ತು, ಸಾಬೂನಿಗೆ ರೆಕ್ಕೆ ಬಂದಿತ್ತು.

ನಾನು ಕೂಗಿದೆ. ಏನು ಕೂಗಿದೆನೋ ಗೊತ್ತಿಲ್ಲ. ಮೊರ ಎಲ್ಲಿ ಬಿತ್ತೋ, ಅಕ್ಕಿ ಎಲ್ಲಿ ಚೆಲ್ಲಿತೋ. ಫೋನನ್ನು ಎತ್ತಿ ಹಿಡಿದು ಮುಂದಿನ ಬಾಗಿಲಿನಿಂದ ಹೊರಗೆ ಬಿದ್ದೆ. ಟೇಲರ್ ಅಂಗಡಿ ದಾಟಿದೆ, ಹಿಟ್ಟಿನ ಗಿರಣಿ ದಾಟಿದೆ, "ಅಮ್ಮಾರ, ಏನಾತ್ರಿ?" ಎಂದು ಕೇಳಿದವರಿಗೆಲ್ಲ "ಕಾಗಿ! ಕಾಗಿ!" ಎಂದೆ. ಹುಲಿಗೆವ್ವ ತನ್ನ ಮನೆಯ ಬಾಗಿಲಲ್ಲಿ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ನನ್ನನ್ನು ಕಂಡು ಮುಖ ಆ ಕಡೆ ತಿರುಗಿಸಿದಳು. ಫೋನನ್ನು ಅವಳ ಮೂಗಿಗೆ ಹಿಡಿದೆ. ಒಂದು ಸಲ ನೋಡಿದಳು, ಇನ್ನೊಂದು ಸಲ ಹಾಕು ಎಂದಳು, ಮೂರನೆಯ ಸಲ ಸೊಪ್ಪು ಕೆಳಗಿಟ್ಟಳು.

"ಯಕ್ಕಾ! ಇದು ಕಾಗಿ ಅಲ್ಲ, ಮಾಮಾರ ಬಂದಾರ! ಇದ್ದಾಗನೂ ವಾರಕ್ಕೊಂದು ಸಬಕಾರ ಕರಗಸ್ತಿದ್ರು, ಹೋದ ಮ್ಯಾಲೂ ಚಟ ಬಿಟ್ಟಿಲ್ಲ!"

ಅವಳು ಮಾಮಾ ಎನ್ನುತ್ತಿದ್ದುದು ನಿಮ್ಮಜ್ಜನಿಗೆ. ಅವರು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮೈತುಂಬ ತೌಡಿನ ಧೂಳು ಹೊತ್ತು ಬಂದು, ಬಿಳಿ ಮನುಷ್ಯ ಕರಿ ಮನುಷ್ಯನಾಗುವ ತನಕ ತಿಕ್ಕುತ್ತಿದ್ದರು. ಅದು ನೆನಪಾಗಿ ಇಬ್ಬರೂ ಹೊಸ್ತಿಲ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಕ್ಕು ಮುಗಿದ ಮೇಲೆ ಹುಲಿಗೆವ್ವ ಗಂಭೀರಳಾದಳು. "ನೀ ಬಂದ್ರ ಆತಾ? ಅಂದಾಕಿ ಬರಲಿ."

ಸಂಜೆ ಶಾರದಾ ಬ್ಯಾಗು ಕೂಡ ಇಳಿಸದೆ ಅವಳ ಮನೆಗೆ ಹೋದಳು. "ತಪ್ಪಾತು ಹುಲಿಗೆವ್ವ. ನೋಡದ ಮಾತಾಡಿದೆ" ಎಂದಳು. ಹುಲಿಗೆವ್ವ ಅವಳ ಕೈಗೆ ಸೋಸಿದ ಮೆಂತ್ಯದ ಸೊಪ್ಪು ಕೊಟ್ಟು, "ಇರಲಿ ಬಿಡವ್ವಾ. ಕಳ್ಳ ನಿಮ್ಮ ಮನಿತನದವನ ಅದಾನ, ನಾ ಏನು ಅನ್ನಲಿ" ಎಂದಳು. ಮರುದಿನ ಹಿತ್ತಲಿನಲ್ಲಿ ಬಟ್ಟೆ ಬಡಿಯುವ ಸದ್ದು ಕೇಳಿ ನನ್ನ ಮನೆಗೆ ಜೀವ ಬಂತು. ಸಾಬೂನಿಗೆ ಈಗ ಮುಚ್ಚಳದ ಡಬ್ಬಿ ಇದೆ. ಕಾಗೆ ದಿನಾ ಬಂದು ಡಬ್ಬಿಯನ್ನು ಕುಟ್ಟಿ ನೋಡಿ ಹೋಗುತ್ತದೆ, ಫೋನು ಟಿಂಗ್ ಎನ್ನುತ್ತದೆ. ಆ ಚೌಕವನ್ನು ನಾನು ಅಳಿಸಿಲ್ಲ. ಮಾಮಾರು ಬಂದರು ಎಂದು ಹುಲಿಗೆವ್ವ ಸೆರಗು ಸರಿಮಾಡಿಕೊಳ್ಳುತ್ತಾಳೆ.

ಆದರೆ ಇಷ್ಟೆಲ್ಲ ಜಾಣತನ ಮಾಡಿದ ನಾನು ಒಂದನ್ನು ಮರೆತಿದ್ದೆ. ಮುಂದಿನ ಬಾಗಿಲಿಗೂ ಒಂದು ಕ್ಯಾಮೆರಾ ಇತ್ತಲ್ಲ! ನಾನು ತಲೆಯ ಮೇಲೆ ಸೆರಗಿಲ್ಲದೆ, ಕಾಲಲ್ಲಿ ಚಪ್ಪಲಿಯಿಲ್ಲದೆ, ಕೈ ಮೇಲೆತ್ತಿ, ಕಾಗೆ ಕಾಗೆ ಎಂದು ಕಿರುಚುತ್ತ ಓಡಿದ್ದನ್ನು ಅದು ಒಂದೂ ಬಿಡದೆ ಹಿಡಿದಿತ್ತು. ವಿರೂಪಾಕ್ಷ ಅದನ್ನು ಮನೆಯವರೆಲ್ಲರ ಗ್ರೂಪಿಗೆ ಹಾಕಿದ, ಯಲಬುರ್ಗಾದ ನನ್ನ ತಮ್ಮನ ಹೆಂಡತಿ ಕೂಡ ನೋಡಿದಳು. ಮದುವೆಯ ಫೋಟೋದಲ್ಲಿ ಸಿಗದವಳು ಕೊನೆಗೂ ಸಿಕ್ಕೆ. ಕಾರ್ಡ್ ತುಂಬಿದ ಮೇಲೆ ಹಳೆಯದು ತಾನಾಗಿ ಅಳಿಯುತ್ತದೆಂದು ಅವನು ಹೇಳಿದ್ದರಿಂದ, ಗ್ರೂಪಿನಲ್ಲಿರುವುದೂ ಹಾಗೇ ಹೋಗುತ್ತದೆಂದುಕೊಂಡು ನಿಶ್ಚಿಂತಳಾಗಿದ್ದೆ. ಆ ಓಟ ಅಳಿದುಹೋಗಲಿ, ಇಲ್ಲಿ ಮಾತ್ರ ಸೆರಗು ಹೊದ್ದು ಮೆಲ್ಲಗೆ ನಡೆದುಹೋದೆ ಎಂದು ಬರೆದುಬಿಡೋಣ ಎಂದುಕೊಂಡೇ ಪೆನ್ನು ಹಿಡಿದಿದ್ದೆ. ಬರೆಯುವ ಹುರುಪಿನಲ್ಲಿ ಅದೂ ಮರೆತುಹೋಗಿ, ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ. ಹರಿದು ಹಾಕಲು ಮನಸ್ಸಾಗುತ್ತಿಲ್ಲ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ. ಹಿತ್ತಲ ಕಡೆ ಮಾತ್ರ ಇಡಬೇಡಿ, ಅವರು ಹಾರಿಬಂದು ಎತ್ತಿಕೊಂಡು ಹೋದಾರು.